ಹಿಂಚಕ್ರದ ಲೆಕ್ಕ: ಕ್ರಾಸ್‌ಕಂಟ್ರಿ ರೇಸಿಗೆ ಹಾರ್ಡ್‌ಟೇಲೋ, ಫುಲ್ ಸಸ್ಪೆನ್ಶನ್ನೋ?

(ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದೆ. ಕೊನೆಯಲ್ಲಿ ಸಭಿಕರು ಕೇಳಿದ ನಾಲ್ಕು ಪ್ರಶ್ನೆಗಳನ್ನು ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಮೌಂಟನ್ ಬೈಕ್ ರೇಸಿನದು, ಅಂದರೆ ಕಾಡು–ಗುಡ್ಡದ ದಾರಿಯ ಸೈಕಲ್ ರೇಸಿನದು. ಹಿಂದುಗಡೆ ಗಟ್ಟಿಯಾಗಿರುವ ಸೈಕಲ್ ಹಾರ್ಡ್‌ಟೇಲ್, ಹಿಂಚಕ್ರಕ್ಕೂ ಪೆಟ್ಟು ನುಂಗುವ ಏರ್ಪಾಡು (ಸಸ್ಪೆನ್ಶನ್) ಇದ್ದರೆ ಫುಲ್ ಸಸ್ಪೆನ್ಶನ್. ಈಗ ಒಂದು ಜಾಗವನ್ನು ಕಣ್ಣಮುಂದೆ ತಂದುಕೊಳ್ಳಿ. ಏರು ಅಂಥದ್ದೇನಲ್ಲ, ಶೇಕಡ 5ರಷ್ಟು. ದಾರಿಗೆ ಅಡ್ಡಲಾಗಿ ಮರದ ಬೇರುಗಳು, ಒಂದೊಂದೂ ನಾಲ್ಕು ಸೆಂಟಿಮೀಟರ್ ಎತ್ತರ, ಮೊಳಕ್ಕೊಂದರಂತೆ ಇಪ್ಪತ್ತು. ಹಾರ್ಡ್‌ಟೇಲ್ ಮೇಲೆ ಬಂದವರು ಮೊದಲ ಎರಡನ್ನು ಕೂತಲ್ಲೇ ಸಹಿಸಿಕೊಳ್ಳುತ್ತಾರೆ. ಮೂರನೆಯದು ಎತ್ತಿ ಕುಕ್ಕುತ್ತದೆ. ನಾಲ್ಕನೆಯದಕ್ಕೆ ಸೀಟು ಬಿಟ್ಟು ಏಳಲೇಬೇಕು. ಎದ್ದ ತಕ್ಷಣ ಹಿಂಚಕ್ರದ ಮೇಲಿನ ಭಾರ ಹಗುರಾಗಿ ಟೈರು ಬೇರಿನ ಮೇಲೆ ಜಾರುತ್ತದೆ, ಪೆಡಲ್ ಒಮ್ಮೆ ಬರಿದೇ ತಿರುಗುತ್ತದೆ, ವೇಗ ಸತ್ತುಹೋಗುತ್ತದೆ. ಫುಲ್ ಸಸ್ಪೆನ್ಶನ್ ಮೇಲೆ ಬಂದವರು ಇಪ್ಪತ್ತನ್ನೂ ಕೂತೇ ತುಳಿದು ದಾಟುತ್ತಾರೆ. ಅವರಿಗೂ ಕುಲುಕಾಟ ತಪ್ಪಿಲ್ಲ, ಆದರೆ ಪೆಡಲ್ ನಿಂತಿಲ್ಲ.

ಇವತ್ತು ಹೇಳಬೇಕಾದ್ದರ ತಿರುಳು ಇಷ್ಟೇ. ಹಾರ್ಡ್‌ಟೇಲೋ ಫುಲ್ ಸಸ್ಸೋ ಅನ್ನುವ ಚರ್ಚೆ ಎಲ್ಲಿ ನಡೆದರೂ ಇಳಿಜಾರಿನ ಮಾತೇ ಮುಂದೆ ಬರುತ್ತದೆ. ಕ್ರಾಸ್‌ಕಂಟ್ರಿಯಲ್ಲಿ ಅದು ಅರ್ಧ ಮಾತು. ಹಿಂದಿನ ಸಸ್ಪೆನ್ಶನ್ ತನ್ನ ತೂಕದ ಸಾಲ ತೀರಿಸುವುದು ಮುಖ್ಯವಾಗಿ ಒರಟು ನೆಲದ ಮೇಲೆ ಕೂತು ತುಳಿಯುವ ಜಾಗಗಳಲ್ಲಿ. ನಿಮ್ಮ ರೇಸಿನ ದಾರಿಯಲ್ಲಿ ಅಂಥ ಜಾಗ ಎಷ್ಟಿದೆ ಎಂದು ಅಳೆದರೆ ಉತ್ತರ ಮುಕ್ಕಾಲು ಪಾಲು ಸಿಕ್ಕಂತೆ.

ಹೊಸಬರಿಗಾಗಿ ತುಸು ಬಿಡಿಸಿ ಎರಡು ವಾಕ್ಯ. ಮುಂಚಕ್ರವನ್ನು ಹಿಡಿದು ಪೆಟ್ಟು ನುಂಗುವ ಫೋರ್ಕ್ ಮಾತ್ರ ಇದ್ದು ಹಿಂದುಗಡೆ ಗಟ್ಟಿ ಫ್ರೇಮ್ ಇದ್ದರೆ ಹಾರ್ಡ್‌ಟೇಲ್. ಹಿಂಚಕ್ರವನ್ನು ಹಿಡಿದ ತೋಳು ಕೀಲಿನ ಮೇಲೆ ಆಡುತ್ತ, ಶಾಕ್ (ಗಾಳಿ ತುಂಬಿದ, ಪೆಟ್ಟು ನುಂಗುವ ಕೊಳವೆ) ಅದನ್ನು ತಡೆದು ನಿಲ್ಲಿಸುತ್ತಿದ್ದರೆ ಫುಲ್ ಸಸ್ಪೆನ್ಶನ್. ಇಲ್ಲಿ ಮಾತಾಡುತ್ತಿರುವುದು ಒಲಿಂಪಿಕ್ ಮಾದರಿಯ ಕ್ರಾಸ್‌ಕಂಟ್ರಿ ಬಗ್ಗೆ: ಕೆಲವೇ ಕಿಲೋಮೀಟರಿನ ಒಂದು ಸುತ್ತು, ಅದನ್ನೇ ಹಲವು ಸಲ ಸುತ್ತಿ ಒಟ್ಟು ಸುಮಾರು ಒಂದೂವರೆ ಗಂಟೆ. ದೂರದ ಮ್ಯಾರಥಾನ್ ರೇಸಿನ ಲೆಕ್ಕ ಸ್ವಲ್ಪ ಬೇರೆ, ಆ ಮಾತು ಆಮೇಲೆ.

ಒಲಿಂಪಿಕ್ಸ್ ಏನು ಹೇಳುತ್ತದೆ

ಕ್ರಾಸ್‌ಕಂಟ್ರಿ ಒಲಿಂಪಿಕ್ಸಿಗೆ ಬಂದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಆಗ ರೇಸ್ ಅಂದರೆ ಹಾರ್ಡ್‌ಟೇಲ್ ಅನ್ನುವುದೇ ರೂಢಿ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಯಾರೋಸ್ಲಾವ್ ಕುಲ್ಹಾವಿ 29 ಇಂಚು ಚಕ್ರದ ಫುಲ್ ಸಸ್ಪೆನ್ಶನ್ ಸೈಕಲ್ಲಿನಲ್ಲಿ ಚಿನ್ನ ಗೆದ್ದರು. ಒಂದೇ ಸೆಕೆಂಡ್ ಹಿಂದೆ ಬಂದ ನೀನೋ ಶುರ್ಟರ್ ಓಡಿಸಿದ್ದು ಹಾರ್ಡ್‌ಟೇಲ್. ಮೂರನೆಯವರಾಗಿ ಬಂದ ಮಾರ್ಕೊ ಔರೇಲಿಯೊ ಫೊಂಟಾನಾ ಅವರದ್ದೂ ಹಾರ್ಡ್‌ಟೇಲೇ. ಕೊನೆಯ ಸುತ್ತಿನಲ್ಲಿ ಅವರ ಸೀಟು ಕಳಚಿಬಿದ್ದು, ಉಳಿದ ದಾರಿಯನ್ನು ನಿಂತೇ ತುಳಿದು ಕಂಚು ತಂದರು! ನಾಲ್ಕು ವರ್ಷ ಕಳೆದು ರಿಯೋದಲ್ಲಿ ಅದೇ ಶುರ್ಟರ್ ಫುಲ್ ಸಸ್ಪೆನ್ಶನ್ ಮೇಲೆ ಚಿನ್ನ ಗೆದ್ದರು.

ಇದನ್ನು ನೋಡಿ "ಫುಲ್ ಸಸ್ ಗೆದ್ದಿತು, ಮುಗಿಯಿತು" ಎನ್ನುವುದು ಅವಸರದ ಮಾತು. ಆ ಅವಧಿಯಲ್ಲಿ ಬದಲಾದದ್ದು ಸೈಕಲ್ ಮಾತ್ರವಲ್ಲ, ಸ್ಪರ್ಧೆಯ ದಾರಿಯೂ ಬದಲಾಯಿತು. ಸುತ್ತು ಗಿಡ್ಡವಾಯಿತು, ಕೃತಕ ಬಂಡೆಹಾಸು, ಧುಮುಕು, ನೆಗೆತ ಎಲ್ಲ ಸೇರಿಕೊಂಡವು. ಇವತ್ತಿಗೂ ದಾರಿ ದಾರಿಗೆ ವ್ಯತ್ಯಾಸವಿದೆ. ಜರ್ಮನಿಯ ಆಲ್ಬ್‌ಸ್ಟಾಟ್ ಅಂದರೆ ಕಡಿದಾದ ಏರು, ಹುಲ್ಲು, ಮಣ್ಣು. ಅಲ್ಲಿ ಹಾರ್ಡ್‌ಟೇಲ್ ಹೊರತೆಗೆದವರನ್ನು ನೋಡಿ ಯಾರೂ ನಗುತ್ತಿರಲಿಲ್ಲ. ಇಟಲಿಯ ವಾಲ್ ದಿ ಸೋಲೆಯ ಬೇರುಗಳು, ಕೆನಡಾದ ಮಾಂಟ್-ಸೇಂಟ್-ಆ್ಯನ್‌ನ ಬಂಡೆಗಳು ಬೇರೆಯದೇ ಸಂಗತಿ. ನೀವು ಇಳಿಯುವ ರೇಸು ಇವುಗಳಲ್ಲಿ ಯಾವುದನ್ನು ಹೋಲುತ್ತದೆ ಅನ್ನುವುದು ಮುಖ್ಯ, ಟಿವಿಯಲ್ಲಿ ಗೆದ್ದವರ ಸೈಕಲ್ ಯಾವುದು ಅನ್ನುವುದಲ್ಲ.

ಒಂದು ಕಿಲೋ ತೂಕಕ್ಕೆ ಎಷ್ಟು ಸೆಕೆಂಡ್?

ಒಂದೇ ದರ್ಜೆಯ ಬಿಡಿಭಾಗ ಹಾಕಿದ ಎರಡು ಕಾರ್ಬನ್ ಸೈಕಲ್ಲುಗಳನ್ನು ತೂಗಿದರೆ ಫುಲ್ ಸಸ್ಪೆನ್ಶನ್ ಸುಮಾರು ಒಂದು ಕಿಲೋ ಹೆಚ್ಚು ತೂಗುತ್ತದೆ, ಕೆಲವೊಮ್ಮೆ ಒಂದೂವರೆ. ಶಾಕ್, ಕೀಲು, ಬೇರಿಂಗು, ಬೋಲ್ಟು, ಹ್ಯಾಂಡಲ್ಲಿನಿಂದ ಲಾಕ್‌ಔಟಿಗೆ (ಶಾಕ್ ಆಡದಂತೆ ಬಿಗಿಹಿಡಿಯುವ ಏರ್ಪಾಡು) ಹೋಗುವ ಕೇಬಲ್ಲು ಎಲ್ಲ ಸೇರಿದ ಬಾಬ್ತು ಇದು. ಇತ್ತೀಚಿನ ಹಲವು ಫ್ರೇಮುಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರದ ಕೀಲನ್ನೇ ತೆಗೆದು, ಕಾರ್ಬನ್ ಕಡ್ಡಿ ಬಾಗುವ ಗುಣವನ್ನೇ ಕೀಲಿನ ಹಾಗೆ ಬಳಸುತ್ತಾರೆ. ಅದರಿಂದ ತೂಕವೂ ಇಳಿಯಿತು, ಸವೆಯುವ ಬೇರಿಂಗೂ ಕಡಿಮೆಯಾಯಿತು.

ಈ ಒಂದು ಕಿಲೋ ಬಗ್ಗೆ ಭಯವೂ ಬೇಡ, ಉದಾಸೀನವೂ ಬೇಡ. ಲೆಕ್ಕ ಹಾಕೋಣ. ಆರು ಸುತ್ತಿನ ರೇಸು, ಸುತ್ತಿಗೆ 200 ಮೀಟರ್ ಏರು, ಒಟ್ಟು 1200 ಮೀಟರ್. ಒಂದು ಕಿಲೋವನ್ನು 1200 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ 1 × 9.81 × 1200, ಅಂದರೆ ಸುಮಾರು 11,800 ಜೂಲ್. ಏರಿನಲ್ಲಿ ನೀವು 280 ವ್ಯಾಟ್ ತುಳಿಯುವವರಾದರೆ ಅದಕ್ಕೆ 42 ಸೆಕೆಂಡ್ ಬೇಕು. 220 ವ್ಯಾಟ್ ಆದರೆ 54 ಸೆಕೆಂಡ್. ಇಳಿಯುವಾಗ ಆ ಶಕ್ತಿ ವಾಪಸ್ ಬರುವುದಿಲ್ಲವೇ ಎಂದರೆ, ಕ್ರಾಸ್‌ಕಂಟ್ರಿ ಇಳಿಜಾರಿನಲ್ಲಿ ಅದರ ಬಹುಪಾಲನ್ನು ಬ್ರೇಕು ಬಿಸಿಮಾಡಿ ಕಳೆಯುತ್ತೇವೆ.

42 ಸೆಕೆಂಡನ್ನು ಆರು ಸುತ್ತಿಗೆ ಹಂಚಿದರೆ ಸುತ್ತಿಗೆ 7 ಸೆಕೆಂಡ್. ಇದು ಫುಲ್ ಸಸ್ಪೆನ್ಶನ್ ಮಾಡಿಕೊಂಡ ಸಾಲ. ಪ್ರತಿ ಸುತ್ತಿನಲ್ಲೂ 7 ಸೆಕೆಂಡನ್ನು ಎಲ್ಲಾದರೂ ಗಳಿಸಿದರೆ ಲೆಕ್ಕ ಚುಕ್ತಾ, ಅದಕ್ಕಿಂತ ಹೆಚ್ಚು ಗಳಿಸಿದರೆ ಲಾಭ.

ಈಗ ಗಳಿಕೆಯ ಕಡೆ ನೋಡೋಣ. ಮೊದಲಿನ ಬೇರುಗಳಿಗೇ ಬನ್ನಿ. ಸವಾರರೂ ಸೈಕಲ್ಲೂ ಸೇರಿ 80 ಕಿಲೋ. ಕೂತು ತುಳಿಯುವಾಗ ಅದರಲ್ಲಿ ಸುಮಾರು 48 ಕಿಲೋ ಹಿಂಚಕ್ರದ ಮೇಲಿರುತ್ತದೆ. ಹಾರ್ಡ್‌ಟೇಲ್‌ನಲ್ಲಿ ಹಿಂಚಕ್ರ ನಾಲ್ಕು ಸೆಂಟಿಮೀಟರ್ ಏರಿದರೆ ಆ 48 ಕಿಲೋನೂ ಏರಬೇಕು: ಸುಮಾರು 19 ಜೂಲ್. ಇಪ್ಪತ್ತು ಬೇರಿಗೆ 380 ಜೂಲ್, ಅಂದರೆ 280 ವ್ಯಾಟ್‌ನಲ್ಲಿ ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು. ಟೈರು ಒಂದಿಷ್ಟು ನುಂಗುತ್ತದೆ, ಬೇರಿನಿಂದ ಇಳಿವಾಗ ಒಂದಿಷ್ಟು ವಾಪಸ್ ಬರುತ್ತದೆ, ಹಾಗಾಗಿ ಇದು ಮೇಲ್ಮಿತಿಯ ಲೆಕ್ಕ. ಆದರೆ ಇದಕ್ಕಿಂತ ದೊಡ್ಡ ನಷ್ಟ ಪೆಡಲ್ ನಿಲ್ಲುವುದು. ನಿಮಿಷಕ್ಕೆ 80 ಸುತ್ತು ತುಳಿಯುವವರ ಪೆಡಲ್ ಒಂದೇ ಒಂದು ಸುತ್ತು ಬರಿದಾದರೂ ಮುಕ್ಕಾಲು ಸೆಕೆಂಡಿನ ದುಡಿಮೆ ಹೋಯಿತು. ಎರಡು ಸುತ್ತು ಹೋದರೆ ಒಂದೂವರೆ. ಏರಿನಲ್ಲಿ ಸತ್ತ ವೇಗವನ್ನು ಮತ್ತೆ ಎಬ್ಬಿಸುವ ಶ್ರಮ ಬೇರೆ. ಫುಲ್ ಸಸ್ಪೆನ್ಶನ್ನಿನಲ್ಲಿ ಅದೇ ಬೇರಿಗೆ ಏರಿಳಿಯುವುದು ಚಕ್ರ ಮತ್ತು ಹಿಂದೋಳು ಮಾತ್ರ. ಮೈಯಭಾರ ಬಹುಪಾಲು ಇದ್ದ ಮಟ್ಟದಲ್ಲೇ ಮುಂದೆ ಸಾಗುತ್ತದೆ.

ಹಾಗಾದರೆ ಒರಟು ನೆಲ ಎಷ್ಟಿದ್ದರೆ ಸಾಲ ತೀರುತ್ತದೆ? ಒರಟು ಜಾಗದಲ್ಲಿ ಫುಲ್ ಸಸ್ ಶೇಕಡ 5ರಷ್ಟು ಬೇಗ ಎಂದು ಸದ್ಯಕ್ಕೆ ಇಟ್ಟುಕೊಳ್ಳಿ. 7 ಸೆಕೆಂಡ್ ಗಳಿಸಲು 140 ಸೆಕೆಂಡಿನಷ್ಟು ಒರಟು ನೆಲ ಬೇಕು. ಸುತ್ತು 15 ನಿಮಿಷದ್ದಾದರೆ ಅದು ಹೆಚ್ಚುಕಡಿಮೆ ಆರನೇ ಒಂದು ಭಾಗ. ಈ ಶೇಕಡ 5 ಅನ್ನುವುದು ಸುಮ್ಮನೆ ಇಟ್ಟುಕೊಂಡ ಅಂಕಿ. ನಿಮ್ಮ ಅಂಕಿಯನ್ನು ನೀವೇ ಅಳೆಯಬೇಕು. ಹೇಗೆ ಅನ್ನುವುದು ಮುಂದೆ ಬರುತ್ತದೆ.

ಮುಂಗಡೆ ಕುಸಿದಾಗ

ತೂಕದ ಗದ್ದಲದಲ್ಲಿ ಮರೆತುಹೋಗುವ ಇನ್ನೊಂದು ವ್ಯತ್ಯಾಸವಿದೆ. ಹಾರ್ಡ್‌ಟೇಲ್‌ನಲ್ಲಿ ಫೋರ್ಕ್ ಕುಸಿದಾಗ ಹಿಂದುಗಡೆ ಇದ್ದಲ್ಲೇ ಇರುತ್ತದೆ, ಇಡೀ ಸೈಕಲ್ ಮುಂದಕ್ಕೆ ಬಾಗುತ್ತದೆ. 100 ಮಿ.ಮೀ. ಫೋರ್ಕ್ 80 ಮಿ.ಮೀ. ಕುಸಿದರೆ, ಎರಡು ಆಕ್ಸಲ್ಲುಗಳ ನಡುವೆ ಸುಮಾರು 1130 ಮಿ.ಮೀ. ಇರುವ ಸೈಕಲ್ಲಿನ ಹೆಡ್ ಆ್ಯಂಗಲ್ (ಮುಂದಿನ ಫೋರ್ಕ್ ನೆಲಕ್ಕೆ ವಾಲಿರುವ ಕೋನ) ಮೂರೂಮುಕ್ಕಾಲು ಡಿಗ್ರಿಯಷ್ಟು ಕಡಿದಾಗುತ್ತದೆ. ಕ್ಯಾಟಲಾಗಿನಲ್ಲಿ 68 ಡಿಗ್ರಿ ಅಂತ ಓದಿ ಕೊಂಡ ಸೈಕಲ್ಲು ಧುಮುಕಿನ ಬುಡದಲ್ಲಿ 72 ಡಿಗ್ರಿಯದ್ದಾಗಿರುತ್ತದೆ, ಅದೂ ಅತಿ ಹೆಚ್ಚು ಸ್ಥಿರತೆ ಬೇಕಾದ ಕ್ಷಣದಲ್ಲಿ. ಫುಲ್ ಸಸ್ಪೆನ್ಶನ್ನಿನಲ್ಲಿ ಎರಡೂ ತುದಿ ಕುಸಿಯುವುದರಿಂದ ಕೋನ ಅಷ್ಟು ಬದಲಾಗುವುದಿಲ್ಲ. (ಜೋರಾಗಿ ಮುಂದಿನ ಬ್ರೇಕ್ ಹಿಡಿದರೆ ಅಲ್ಲೂ ಹಿಂದುಗಡೆ ಮೇಲೆದ್ದು ಕೋನ ಬದಲಾಗುತ್ತದೆ ಅನ್ನುವುದು ಸರಿ.) ಅದಕ್ಕೇ ಹಾರ್ಡ್‌ಟೇಲಿಗೆ ದೊಡ್ಡ ಫೋರ್ಕ್ ಹಾಕಿಬಿಟ್ಟರೆ ಇಳಿಜಾರು ಸಲೀಸು ಅನ್ನುವುದು ಪೂರ್ತಿ ನಿಜವಲ್ಲ. ಫೋರ್ಕ್ ಉದ್ದವಾದಷ್ಟೂ ಈ ಬಾಗುವಿಕೆಯೂ ಹೆಚ್ಚು. ಹಾರ್ಡ್‌ಟೇಲಿಗೆ 100ರಿಂದ 110 ಮಿ.ಮೀ. ಹದವಾದ ಅಳತೆ ಅನ್ನುವುದು ನಮ್ಮ ಅಭಿಪ್ರಾಯ. 120 ಫುಲ್ ಸಸ್ಸಿಗೆ ಇರಲಿ.

ದಾರಿ ನೋಡುವ ಬಗೆ

ರೇಸಿನ ದಾರಿಯನ್ನು ಮೊದಲ ಸಲ ನಡೆದು ನೋಡಿ, ಎರಡನೇ ಸಲ ಸೈಕಲ್ ಮೇಲೆ. ಎರಡೂ ಸಲ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನು ಎಲ್ಲಿ ನೆಲದ ಕಾಟಕ್ಕೆ ಸೀಟು ಬಿಟ್ಟು ಏಳುತ್ತೇನೆ? ವೇಗ ಎತ್ತಲು ಏಳುವುದು ಬೇರೆ, ಅದನ್ನು ಎಣಿಸಬೇಡಿ. ಕುಕ್ಕು ತಾಳಲಾರದೆ ಏಳುವ ಜಾಗಗಳನ್ನು ಮಾತ್ರ ಗುರುತು ಹಾಕಿಕೊಂಡು, ಒಂದೊಂದಕ್ಕೂ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದುಕೊಳ್ಳಿ. ಒರಟು ಇಳಿಜಾರನ್ನು ಪ್ರತ್ಯೇಕ ಬರೆಯಿರಿ, ಆದರೆ ಅದಕ್ಕೆ ಅರ್ಧ ಬೆಲೆ ಕೊಡಿ. ಕಾರಣ, ಇಳಿಜಾರಿನಲ್ಲಿ ಕಾಲು ಮಡಿಚಿ ನಿಂತಿರುತ್ತೀರಿ, ಮಂಡಿಯೇ ಅರ್ಧ ಸಸ್ಪೆನ್ಶನ್. ಜೊತೆಗೆ ರೇಸಿನ ಗುಂಪಿನಲ್ಲಿ ಇಳಿಜಾರಿನ ವೇಗ ನಿರ್ಧರಿಸುವುದು ಎಷ್ಟೋ ಸಲ ನಿಮ್ಮ ಮುಂದಿರುವವರು.

ಇನ್ನೊಂದು ಸಂಗತಿ ಗಡಿಯಾರಕ್ಕೆ ಸಿಗುವುದಿಲ್ಲ. ಮೊದಲ ಸುತ್ತಿನಲ್ಲಿ ಇಬ್ಬರೂ ಸಮಸಮ ಇದ್ದರೂ ಐದನೇ ಸುತ್ತಿನ ಹೊತ್ತಿಗೆ ಹಾರ್ಡ್‌ಟೇಲ್ ಸವಾರರ ಸೊಂಟ, ಬೆನ್ನು, ತೊಡೆ ಸೋತಿರುತ್ತವೆ. ಒಂದೇ ಸುತ್ತು ಓಡಿಸಿ ತೀರ್ಮಾನಕ್ಕೆ ಬಂದವರು ಎಡವುವುದು ಇಲ್ಲೇ. ದೂರದ ಮ್ಯಾರಥಾನ್ ರೇಸುಗಳಲ್ಲಿ ಫುಲ್ ಸಸ್ಸಿಗೆ ಮೊರೆಹೋಗುವವರು ಹೆಚ್ಚು ಅನ್ನುವುದಕ್ಕೂ ಇದೇ ಕಾರಣ. ಅಲ್ಲಿ ಇಳಿಜಾರು ಕಠಿಣವೇ ಆಗಿರಬೇಕೆಂದಿಲ್ಲ. ನಾಲ್ಕೈದು ಗಂಟೆ ಸೀಟಿನ ಮೇಲೆ ಕೂರಬೇಕು, ಅಷ್ಟೇ ಸಾಕು.

ಎರಡನ್ನೂ ಪರೀಕ್ಷಿಸುವುದು

ಸ್ನೇಹಿತರ ಸೈಕಲ್ ಸಿಕ್ಕಿದೆ, ಒಂದು ಮಧ್ಯಾಹ್ನ ಬಿಡುವಿದೆ ಅಂದುಕೊಳ್ಳಿ. ಇಡೀ ಸುತ್ತು ಬೇಡ. ಮೂರ್ನಾಲ್ಕು ನಿಮಿಷದ, ಒರಟು ಏರು ಮತ್ತು ಒರಟು ಸಮತಟ್ಟು ಎರಡೂ ಇರುವ ತುಂಡನ್ನು ಆರಿಸಿ. ಎರಡೂ ಸೈಕಲ್ಲಿಗೆ ಒಂದೇ ಜಾತಿಯ ಟೈರು ಇರಲಿ. ಇಲ್ಲದಿದ್ದರೆ ನೀವು ಅಳೆಯುವುದು ಟೈರನ್ನು, ಫ್ರೇಮನ್ನಲ್ಲ. ಕ್ರಮ ಹೀಗಿರಲಿ: ಹಾರ್ಡ್‌ಟೇಲ್, ಫುಲ್ ಸಸ್, ಫುಲ್ ಸಸ್, ಹಾರ್ಡ್‌ಟೇಲ್. ಹೀಗೆ ಮಾಡಿದರೆ ದಾರಿ ಪರಿಚಯವಾಗಿ ಬರುವ ಲಾಭವೂ ದಣಿವಿನ ನಷ್ಟವೂ ಎರಡು ಸೈಕಲ್ಲಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗುತ್ತವೆ. ನಡುನಡುವೆ ಹತ್ತು ನಿಮಿಷ ವಿಶ್ರಾಂತಿ. ಎಷ್ಟು ವ್ಯಾಟ್ ತುಳಿಯುತ್ತೀರಿ ಎಂದು ಅಳೆಯುವ, ಪೆಡಲ್ಲಿನಲ್ಲೇ ಕೂರುವ ಪವರ್ ಮೀಟರ್ ಇದ್ದರೆ ಸೈಕಲ್ಲಿಂದ ಸೈಕಲ್ಲಿಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಹೃದಯ ಬಡಿತವನ್ನು ಒಂದೇ ಮಟ್ಟದಲ್ಲಿ ಹಿಡಿಯಿರಿ. ಹೊಸ ಸೈಕಲ್ಲಿನ ಹುರುಪಿನಲ್ಲಿ ಜೋರಾಗಿ ತುಳಿದು "ಅಬ್ಬಾ, ಎಷ್ಟು ಫಾಸ್ಟ್!" ಎನ್ನುವುದು ಮಾಮೂಲಿ ಎಡವಟ್ಟು.

ಫುಲ್ ಸಸ್ಪೆನ್ಶನ್ ಹದಕ್ಕೆ ತರುವುದು

ಹದ ತಪ್ಪಿದ ಫುಲ್ ಸಸ್ ಹಾರ್ಡ್‌ಟೇಲಿಗಿಂತ ಕಡೆ. ತೂಕವನ್ನೂ ಹೊತ್ತಿರಿ, ಲಾಭವೂ ಇಲ್ಲ. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಹೇಳುತ್ತೇವೆ.

ಮೊದಲು ಸ್ಯಾಗ್, ಅಂದರೆ ಸುಮ್ಮನೆ ಕೂತಾಗ ಶಾಕ್ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ. ರೇಸಿನ ದಿನ ತೊಡುವ ಹೆಲ್ಮೆಟ್, ಶೂ ಎಲ್ಲ ಧರಿಸಿ, ನೀರಿನ ಬಾಟಲಿ ತುಂಬಿಡಿ. ಲಾಕ್‌ಔಟ್ ತೆರೆದಿರಲಿ. ಶಾಕ್ ಪಂಪಿನಲ್ಲಿ ತಯಾರಕರು ನಿಮ್ಮ ತೂಕಕ್ಕೆ ಹೇಳಿದಷ್ಟು ಗಾಳಿ ಹೊಡೆದು, ಸೀಟನ್ನು ಹತ್ತು ಸಲ ನಿಧಾನವಾಗಿ ಒತ್ತಿ ಬಿಡಿ. ಶಾಕಿನೊಳಗೆ ಎರಡು ಗಾಳಿಕೋಣೆ ಇರುತ್ತವೆ, ಒತ್ತಿ ಬಿಟ್ಟಾಗಲೇ ಅವು ಸಮವಾಗುವುದು. ಈ ಹೆಜ್ಜೆ ಬಿಟ್ಟವರು ಮರುದಿನ ನೋಡಿದರೆ ಸ್ಯಾಗ್ ಬೇರೆಯಾಗಿರುತ್ತದೆ, ಶಾಕ್ ಗಾಳಿ ಸೋರುತ್ತಿದೆ ಅಂದುಕೊಳ್ಳುತ್ತಾರೆ. ಆಮೇಲೆ ಗೋಡೆ ಹಿಡಿದು ಸೀಟಿನ ಮೇಲೆ ಕೂತು, ರಬ್ಬರ್ ಉಂಗುರವನ್ನು ಶಾಕಿನ ಅಂಚಿಗೆ ತಳ್ಳಿ, ಕುಲುಕದಂತೆ ಕೆಳಗಿಳಿಯಿರಿ. 45 ಮಿ.ಮೀ. ಚಲಿಸುವ ಶಾಕ್ ಆದರೆ ಉಂಗುರ 9ರಿಂದ 11 ಮಿ.ಮೀ. ದೂರ ಸರಿದಿರಬೇಕು, ಅಂದರೆ ಶೇಕಡ 20ರಿಂದ 25. ಸ್ಕೇಲು ಹಿಡಿದೇ ಅಳೆಯಿರಿ. ಹಿಂಚಕ್ರ 120 ಮಿ.ಮೀ. ಆಡುವ ಸೈಕಲ್ಲಿನಲ್ಲಿ ಶಾಕಿನ ಒಂದು ಮಿ.ಮೀ. ಚಕ್ರದ ಹತ್ತಿರ ಎರಡೂಮುಕ್ಕಾಲಿಗೆ ಹತ್ತಿರ. ಕಣ್ಣಂದಾಜಿನ ಎರಡು ಮಿ.ಮೀ. ತಪ್ಪು ಚಕ್ರದಲ್ಲಿ ಐದು ಮಿ.ಮೀ. ಮೀರುತ್ತದೆ. ಮುಂದಿನ ಫೋರ್ಕಿಗೆ ಶೇಕಡ 15ರಿಂದ 20 ಸಾಕು.

ರೇಸ್ ಸೈಕಲ್ ಅಂತ ಶಾಕಿಗೆ ಗಾಳಿ ಬಿಗಿಯಾಗಿ ತುಂಬುವವರೇ ಹೆಚ್ಚು. ಸ್ಯಾಗ್ ಶೇಕಡ 12ಕ್ಕೆ ಇಳಿದರೆ ಹಿಂಚಕ್ರಕ್ಕೆ ಕೆಳಗೆ ಇಳಿಯಲು ಜಾಗವೇ ಉಳಿಯುವುದಿಲ್ಲ. ಗುಂಡಿ ಬಂದಾಗ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತೂಗುತ್ತದೆ, ಏರಿನಲ್ಲಿ ಹಿಡಿತ ಕೈಕೊಡುತ್ತದೆ. ಸಸ್ಪೆನ್ಶನ್ ಬರೀ ಗುಡ್ಡೆ ನುಂಗಲು ಅಲ್ಲ, ಗುಂಡಿ ತುಂಬಲೂ ಬೇಕು.

ರೀಬೌಂಡ್ ಅಂದರೆ ಕುಸಿದ ಶಾಕ್ ಮೇಲೇಳುವ ವೇಗ. ಕೂತುಕೊಂಡೇ ಹತ್ತು–ಹನ್ನೆರಡು ಸೆಂಟಿಮೀಟರಿನ ಮೆಟ್ಟಿಲು ಇಳಿಯಿರಿ. ಸೀಟು ಒಂದೇ ಸಲ ಮೇಲೆದ್ದು ನಿಂತರೆ ಸರಿ. ಎರಡು–ಮೂರು ಸಲ ತೂಗಾಡಿದರೆ ನಾಬನ್ನು ಒಂದೆರಡು ಕ್ಲಿಕ್ ನಿಧಾನದ ಕಡೆಗೆ ತಿರುಗಿಸಿ. ಅತಿ ನಿಧಾನವಾದರೆ ಆಗುವ ತೊಂದರೆ ಮೆಟ್ಟಿಲಿನಲ್ಲಿ ಗೊತ್ತಾಗುವುದಿಲ್ಲ, ಬೇರುಗಳ ಮೇಲೆ ಗೊತ್ತಾಗುತ್ತದೆ. ಮೊದಲ ಬೇರಿಗೆ ಕುಸಿದ ಶಾಕ್ ಪೂರ್ತಿ ಏಳುವ ಮೊದಲೇ ಎರಡನೆಯದು ಬರುತ್ತದೆ, ಮೂರನೆಯದಕ್ಕೆ ಇನ್ನೂ ಕೆಳಗಿರುತ್ತದೆ. ಹತ್ತನೇ ಬೇರಿನ ಹೊತ್ತಿಗೆ ಶಾಕ್ ತಳದಲ್ಲೇ ಕೂತು ಹಾರ್ಡ್‌ಟೇಲಿನಂತೆ ಕುಕ್ಕುತ್ತದೆ. ಇದನ್ನು ಶಾಕ್ ಗಟ್ಟಿಯಾಗಿದೆ ಎಂದು ತಪ್ಪು ತಿಳಿದು ಗಾಳಿ ಇಳಿಸುತ್ತಾರೆ, ರೋಗ ಇನ್ನಷ್ಟು ಉಲ್ಬಣಿಸುತ್ತದೆ.

ಒಂದು ಸುತ್ತು ಓಡಿಸಿ ಬಂದು ರಬ್ಬರ್ ಉಂಗುರ ಎಲ್ಲಿದೆ ನೋಡಿ. ಸುತ್ತಿಗೆ ಒಂದೋ ಎರಡೋ ಸಲ ಪೂರ್ತಿ ಚಲನೆ ಬಳಕೆಯಾದರೆ ಒಳ್ಳೆಯದು. ಸ್ಯಾಗ್ ಸರಿಯಿದ್ದೂ ಮತ್ತೆ ಮತ್ತೆ ತಳ ಬಡಿಯುತ್ತಿದ್ದರೆ ಗಾಳಿ ಏರಿಸಬೇಡಿ, ಶಾಕಿನೊಳಗೆ ಪ್ಲಾಸ್ಟಿಕ್ ಸ್ಪೇಸರ್ ಒಂದನ್ನು ಸೇರಿಸಿ. ಕೊನೆಯ ಭಾಗ ಮಾತ್ರ ಬಿಗಿಯಾಗುತ್ತದೆ.

ಲಾಕ್‌ಔಟ್ ಬಗ್ಗೆ ಒಂದೇ ಮಾತು: ಹಾಕುವುದು ಎಲ್ಲರಿಗೂ ನೆನಪಿರುತ್ತದೆ, ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಏರಿನ ತುದಿಯಲ್ಲಿ ಒಂದು ಗುರುತು, ಮರವೋ ಕಂಬವೋ, ಇಟ್ಟುಕೊಂಡು ಅಭ್ಯಾಸದ ಸುತ್ತಿನಲ್ಲೇ ಬೆರಳಿಗೆ ರೂಢಿ ಮಾಡಿಸಿ. ಸೆನ್ಸರ್ ನೋಡಿ ತಾನೇ ತೆರೆದು ಮುಚ್ಚುವ ಎಲೆಕ್ಟ್ರಾನಿಕ್ ವ್ಯವಸ್ಥೆಗಳೂ ಬಂದಿವೆ, ಫಾಕ್ಸ್ ಕಂಪನಿಯ ಲೈವ್ ವಾಲ್ವ್, ರಾಕ್‌ಶಾಕ್ಸ್‌ನ ಫ್ಲೈಟ್ ಅಟೆಂಡೆಂಟ್ ಅಂಥವು. ಚೆನ್ನಾಗಿವೆ. ಬ್ಯಾಟರಿ ಚಾರ್ಜ್ ಮಾಡುವ ಕೆಲಸ ಒಂದು ಸೇರಿಕೊಂಡಿತು.

ಚೈನಿನ ಉದ್ದ: ಫುಲ್ ಸಸ್ಸಿನಲ್ಲಿ ಶಾಕ್ ಕುಸಿದಂತೆ ಪೆಡಲ್ ಆಕ್ಸಲ್ಲಿಗೂ ಹಿಂಚಕ್ರಕ್ಕೂ ನಡುವಿನ ದೂರ ಸಾಮಾನ್ಯವಾಗಿ ಹಿಗ್ಗುತ್ತದೆ. ಹೊಸ ಚೈನನ್ನು ಸೈಕಲ್ ಸ್ಟ್ಯಾಂಡಿನ ಮೇಲೆ, ಶಾಕ್ ಚಾಚಿರುವಾಗ ಅಳೆದು ತುಂಡು ಮಾಡಿದರೆ, ದೊಡ್ಡ ಗೇರಿನಲ್ಲಿ ಧುಮುಕಿದ ದಿನ ಡಿರೇಲರ್ (ಗೇರು ಬದಲಿಸುವ ತೋಳು) ಹರಿದು ಕೈಗೆ ಬರುತ್ತದೆ. ಶಾಕಿನ ಗಾಳಿ ಪೂರ್ತಿ ಬಿಟ್ಟು, ಹಿಂದುಗಡೆಯನ್ನು ಒತ್ತಿ ಹಿಡಿದು, ದೂರ ಅತಿ ಹೆಚ್ಚಿರುವ ಸ್ಥಿತಿಯಲ್ಲಿ ಅಳೆಯಬೇಕು.

ಹಾರ್ಡ್‌ಟೇಲಿನ ಶಾಕ್ ಎಂದರೆ ಟೈರು

ಹಾರ್ಡ್‌ಟೇಲ್ ಓಡಿಸುವವರು ಹಣವನ್ನೂ ಗಮನವನ್ನೂ ಹಾಕಬೇಕಾದ್ದು ಹಿಂದಿನ ಟೈರಿಗೆ. 2.35 ಅಥವಾ 2.4 ಇಂಚಿನ ಟ್ಯೂಬ್‌ಲೆಸ್ ಟೈರು, ಒಳಗಲ 28–30 ಮಿ.ಮೀ. ಇರುವ ರಿಮ್ಮು. 70 ಕಿಲೋ ತೂಗುವವರು ಮುಂದೆ 18, ಹಿಂದೆ 21 ಅಥವಾ 22 ಪಿಎಸ್‌ಐನಿಂದ ಶುರುಮಾಡಿ. ಇದೇ ಸವಾರರಿಗೆ ಫುಲ್ ಸಸ್ಸಿನಲ್ಲಿ ಹಿಂದೆ 20 ಸಾಕು, ಏಕೆಂದರೆ ಪೆಟ್ಟಿನ ಪಾಲನ್ನು ಶಾಕ್ ಹಂಚಿಕೊಳ್ಳುತ್ತದೆ. ಇಲ್ಲೇ ಹಾರ್ಡ್‌ಟೇಲಿನ ಇಕ್ಕಟ್ಟು ಇರುವುದು: ಮೆತ್ತಗೆ ಬೇಕಾದ ಕಡೆಯೇ ಗಾಳಿ ಹೆಚ್ಚು ತುಂಬಬೇಕು, ಇಲ್ಲದಿದ್ದರೆ ಬಂಡೆಯಂಚಿಗೆ ರಿಮ್ ಬಡಿದು ಟೈರಿಗೆ ಜೋಡಿ ಸೀಳು ಬೀಳುತ್ತದೆ. ಟೈರಿನೊಳಗೆ ಹಾಕುವ ಸೀಲಂಟ್ ದ್ರವ ಮುಳ್ಳಿನ ತೂತು ಮುಚ್ಚುತ್ತದೆ, ಅಂಥ ಸೀಳನ್ನಲ್ಲ. ಹಿಂದಿನ ಟೈರಿಗೆ ಮಾತ್ರ ಒಳಗೆ ಕೂರುವ ಹಗುರದ ಫೋಮ್ ಇನ್ಸರ್ಟ್ ಹಾಕಿ ಗಾಳಿಯನ್ನು ಒಂದೆರಡು ಪಿಎಸ್‌ಐ ಇಳಿಸುವುದು ಒಳ್ಳೆಯ ರಾಜಿ. ಅಳೆಯಲು ಸದಾ ಒಂದೇ ಗೇಜ್ ಬಳಸಿ. ಎರಡು ಪಂಪುಗಳ ಮುಳ್ಳುಗಳ ನಡುವೆ ಎರಡು ಪಿಎಸ್‌ಐ ವ್ಯತ್ಯಾಸ ಬಂದರೆ ಅಚ್ಚರಿಯಿಲ್ಲ, ನಾವು ಮಾತಾಡುತ್ತಿರುವ ವ್ಯತ್ಯಾಸವೂ ಅಷ್ಟೇ.

ಸೀಲಂಟ್ ಟೈರಿಗೆ 90ರಿಂದ 120 ಮಿ.ಲೀ. ಅದು ಒಣಗುತ್ತದೆ. ಎರಡು–ಮೂರು ತಿಂಗಳಿಗೊಮ್ಮೆ ಚಕ್ರ ಅಲುಗಿಸಿ ಕಿವಿಗೊಡಿ. ಒಳಗೆ ನೀರಾಡುವ ಸದ್ದು ಬರದಿದ್ದರೆ ಮತ್ತೆ ತುಂಬಿ.

ಸೀಟನ್ನು ಹೊತ್ತ ಕೊಳವೆ, ಸೀಟ್‌ಪೋಸ್ಟ್, ಎರಡನೆಯ ಶಾಕ್. 27.2 ಮಿ.ಮೀ. ದಪ್ಪದ ಕಾರ್ಬನ್ ಪೋಸ್ಟ್ ಚೆನ್ನಾಗಿ ಬಾಗುತ್ತದೆ, 31.6ರದ್ದು ಅಷ್ಟು ಬಾಗುವುದಿಲ್ಲ. ಇಲ್ಲೊಂದು ಧರ್ಮಸಂಕಟ ಇದೆ. ಇಳಿಜಾರಿನಲ್ಲಿ ಸೀಟು ಕೆಳಗಿಳಿಸುವ ಡ್ರಾಪರ್ ಪೋಸ್ಟ್ ಹಾರ್ಡ್‌ಟೇಲಿಗೇ ಹೆಚ್ಚು ಬೇಕು, ಏಕೆಂದರೆ ಹಿಂಚಕ್ರ ಪುಟಿದಾಗ ಸೀಟು ಹಿಂದಿನಿಂದ ಗುದ್ದುವುದು ಇಲ್ಲೇ. ಆದರೆ ಡ್ರಾಪರ್ ಪೋಸ್ಟ್ ಬಾಗುವುದಿಲ್ಲ, ಇನ್ನೂರು–ಮುನ್ನೂರು ಗ್ರಾಂ ಹೆಚ್ಚೂ ತೂಗುತ್ತದೆ. ದಾರಿಯಲ್ಲಿ ಕಡಿದಾದ ಧುಮುಕುಗಳಿದ್ದರೆ ಡ್ರಾಪರ್ ಹಾಕಿ. ಬರೀ ಬೇರು–ಕಲ್ಲಿನ ಕುಲುಕಾಟವಾದರೆ ಬಾಗುವ ಪೋಸ್ಟೇ ಇರಲಿ. ಹಾರ್ಡ್‌ಟೇಲಿಗೆ ಡ್ರಾಪರ್, ಅಗಲ ಟೈರು, ಇನ್ಸರ್ಟ್ ಎಲ್ಲ ತುಂಬಿಸಿದ ಮೇಲೆ ಮತ್ತೊಮ್ಮೆ ತಕ್ಕಡಿಗೆ ಹಾಕಿ ನೋಡಿ. ಒಂದು ಕಿಲೋ ಇದ್ದ ಅಂತರ ಅರ್ಧ ಕಿಲೋಗೆ ಬಂದಿರಬಹುದು, ಆಗ ನಿಮ್ಮ ಲೆಕ್ಕವೇ ಬದಲಾಯಿತು.

"ಹಾರ್ಡ್‌ಟೇಲ್ ಓಡಿಸಿದರೆ ಸರಿಯಾದ ದಾರಿ ಹಿಡಿಯುವುದನ್ನು ಕಲಿಯುತ್ತೀರಿ" ಅನ್ನುವ ಮಾತಿದೆ. ತಪ್ಪೇನಲ್ಲ. ಆದರೆ ಎಷ್ಟೋ ಜನ ಕಲಿಯುವುದು ಬ್ರೇಕ್ ಹಿಡಿಯುವುದನ್ನು ಮಾತ್ರ.

ರೇಸಿನ ಹಿಂದಿನ ಕೆಲಸ

ಫೋರ್ಕಿನ ಕೆಳಕಾಲಿನ ಎಣ್ಣೆ, ಶಾಕಿನ ಗಾಳಿಡಬ್ಬಿಯ ಸೀಲು, ಇವಕ್ಕೆ 50 ಗಂಟೆಗೊಮ್ಮೆ ಕೈಹಾಕಬೇಕೆಂದು ಹಲವು ತಯಾರಕರು ಹೇಳುತ್ತಾರೆ. ವಾರಕ್ಕೆ ಎಂಟು ಗಂಟೆ ಅಭ್ಯಾಸ ಮಾಡುವವರಿಗೆ ಅದು ಆರು ವಾರ! ಹಾರ್ಡ್‌ಟೇಲಿಗೆ ಈ ಕೆಲಸ ಅರ್ಧ, ಕೀಲಿನ ತಂಟೆಯೂ ಇಲ್ಲ. ಫುಲ್ ಸಸ್ಸಿನ ಕೀಲು ನೋಡಲು ಸುಲಭದ ಉಪಾಯ: ಸೀಟಿನ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಡಿದು ಹಿಂಚಕ್ರ ನೆಲ ಬಿಡದಷ್ಟು ಮೆಲ್ಲಗೆ ಮೇಲೆತ್ತಿ. ಶಾಕ್ ಚಲಿಸುವ ಮೊದಲು "ಟಕ್" ಎಂದು ಸಣ್ಣ ಸಡಿಲ ಸಿಕ್ಕಿದರೆ, ಇನ್ನೊಂದು ಕೈಯ ಬೆರಳನ್ನು ಶಾಕಿನ ಎರಡು ತುದಿಗಳ ಸಂದಿಗೂ ಆಮೇಲೆ ಒಂದೊಂದು ಕೀಲಿಗೂ ಇಟ್ಟು ಅದೇ ಮಾಡಿ. ಎಲ್ಲಿ ಬೆರಳಿಗೆ ಅಲುಗಾಟ ತಾಗುತ್ತದೋ ಅಲ್ಲಿ ಬುಶ್ ಅಥವಾ ಬೇರಿಂಗ್ ಸವೆದಿದೆ. ಕೀಲಿನ ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಅದರ ಮೇಲೆ ಬರೆದಷ್ಟೇ ಬಿಗಿಯಿರಿ. ಸಡಿಲ ಹೋಗಲೆಂದು ಇನ್ನಷ್ಟು ಬಿಗಿದರೆ ಬೇರಿಂಗಿನ ಆಯುಸ್ಸು ಅಲ್ಲೇ ಮುಗಿಯುತ್ತದೆ. ಜೋರು ನೀರಿನ ಪೈಪನ್ನು ಕೀಲಿನ ಕಡೆ ತಿರುಗಿಸಲೇಬೇಡಿ.

ಸಭಿಕರ ಪ್ರಶ್ನೆಗಳು

*ಫುಲ್ ಸಸ್ಸಿನ ಶಾಕ್ ಲಾಕ್ ಮಾಡಿದರೆ ಅದೇ ಹಾರ್ಡ್‌ಟೇಲ್ ಆಯಿತಲ್ಲವೇ ಸರ್?*

ನಯವಾದ ಏರಿನಲ್ಲಿ ಹೆಚ್ಚುಕಡಿಮೆ ಹೌದು. ಆದರೆ ತೂಕ ಅಲ್ಲೇ ಇದೆ. ಇನ್ನು ಎಷ್ಟೋ ಶಾಕುಗಳು ಲಾಕ್ ಆದಾಗಲೂ ದೊಡ್ಡ ಪೆಟ್ಟಿಗೆ ತೆರೆದುಕೊಳ್ಳುತ್ತವೆ. ಹಾಗೆ ಮಾಡಿರುವುದು ಶಾಕ್ ಒಡೆಯದಿರಲಿ ಎಂದು, ನಿಮಗೆ ಹಾಯಾಗಿರಲಿ ಎಂದಲ್ಲ. ಒರಟು ಏರಿನಲ್ಲಿ ಲಾಕ್ ಹಾಕಿಕೊಂಡು ಹೋಗುವವರನ್ನು ಕಂಡರೆ, ಛತ್ರಿ ಮಡಿಚಿ ಕಂಕುಳಲ್ಲಿಟ್ಟು ಮಳೆಯಲ್ಲಿ ನಡೆಯುವವರ ನೆನಪಾಗುತ್ತದೆ.

*ಎರಡರ ನಡುವಿನ ಸೈಕಲ್ ಇಲ್ಲವೇ?*

ಇದೆ. ಟ್ರೆಕ್ ಕಂಪನಿಯ ಸೂಪರ್‌ಕ್ಯಾಲಿಬರ್ ಬಂದಾಗ ಹಿಂಚಕ್ರಕ್ಕೆ ಕೇವಲ 60 ಮಿ.ಮೀ. ಚಲನೆ ಇತ್ತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ ಮಹಿಳೆಯರ ಚಿನ್ನವನ್ನು ಯೊಲಾಂಡಾ ನೆಫ್ ಗೆದ್ದದ್ದು ಆ ಸೈಕಲ್ಲಿನಲ್ಲೇ. ಆಮೇಲಿನ ಮಾದರಿಯಲ್ಲಿ ಅದೇ ಕಂಪನಿ ಚಲನೆಯನ್ನು 80ಕ್ಕೆ ಏರಿಸಿತು. ಬೇರು–ಕಲ್ಲಿನ ಸಣ್ಣ ಕುಲುಕಾಟ ನುಂಗಲು 60 ಸಾಕು, ಅಂದರೆ ಕೂತು ತುಳಿಯುವ ಲಾಭದ ಬಹುಪಾಲು ಅಷ್ಟರಲ್ಲೇ ಸಿಗುತ್ತದೆ. 120 ಬೇಕಾಗುವುದು ಧುಮುಕು, ನೆಗೆತಗಳಿಗೆ.

*ನನ್ನ ಹತ್ತಿರ ಇರುವ ಹಣಕ್ಕೆ ಒಳ್ಳೆಯ ಹಾರ್ಡ್‌ಟೇಲ್ ಬರುತ್ತದೆ, ಇಲ್ಲವೇ ಸಾಧಾರಣ ಫುಲ್ ಸಸ್. ಯಾವುದು?*

ಹಾರ್ಡ್‌ಟೇಲ್. ರೀಬೌಂಡ್ ನಾಬ್ ಇಲ್ಲದ ಶಾಕು, ಭಾರದ ಚಕ್ರ, ಹದಿನಾಲ್ಕು ಕಿಲೋ ತೂಕ, ಇಂಥ ಫುಲ್ ಸಸ್ ರೇಸಿನಲ್ಲಿ ಎರಡು ಕಡೆಯೂ ಸೋಲುತ್ತದೆ. ಹಾರ್ಡ್‌ಟೇಲ್ ಕೊಂಡು, ಮಿಕ್ಕ ಹಣದಲ್ಲಿ ಮೊದಲು ಟೈರು, ಆಮೇಲೆ ಚಕ್ರ, ಆಮೇಲೆ ಫೋರ್ಕಿನ ಸರ್ವಿಸು. ಟೈಟಾನಿಯಂ ಬೋಲ್ಟು ಕೊನೆಗೂ ಬೇಡ.

*ಎರಡೂ ಸೈಕಲ್ ಇದೆ, ಹಿಂದಿನ ರಾತ್ರಿ ಮಳೆ ಬಂತು. ಯಾವುದು ತೆಗೆದುಕೊಳ್ಳಲಿ?*

ಬೆಳಗ್ಗೆಯೇ ತೀರ್ಮಾನಿಸಬೇಕು, ಏಕೆಂದರೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕ್ರಾಸ್‌ಕಂಟ್ರಿ ರೇಸಿನ ನಡುವೆ ಸೈಕಲ್ ಬದಲಿಸುವಂತಿಲ್ಲ. ಚಕ್ರ ಬದಲಿಸಬಹುದು, ಅದೂ ಗೊತ್ತುಮಾಡಿದ ಜಾಗದಲ್ಲಿ. ಒದ್ದೆ ಬೇರು, ತೊಳೆದ ಕಲ್ಲು ಆದರೆ ಹಿಡಿತಕ್ಕಾಗಿ ಫುಲ್ ಸಸ್. ಅಂಟು ಮಣ್ಣಾದರೆ ಲೆಕ್ಕ ತಿರುಗುಮುರುಗು: ಹಿಂದೋಳಿನ ಕೀಲಿಗೂ ಟೈರಿಗೂ ನಡುವೆ ಇರುವ ಇಕ್ಕಟ್ಟಿನಲ್ಲಿ ಕೆಸರು ಗಾರೆಯಂತೆ ಕೂರುತ್ತದೆ. ಎರಡರಲ್ಲೂ ಒಂದೊಂದು ಅಭ್ಯಾಸದ ಸುತ್ತು ಹಾಕಿ, ತೊಳೆಯದೆ ಹಾಗೇ ತಕ್ಕಡಿಗೆ ತೂಗುಹಾಕಿ. ಈ ಮೊದಲು ಹಾಕಿದ ಒಂದು ಕಿಲೋ ಲೆಕ್ಕವನ್ನು ಆ ಹೊಸ ಅಂಕಿಯಲ್ಲಿ ಮತ್ತೆ ಹಾಕಿ.